ಓವಲ್ ಮೈದಾನದ ಎದುರಿನ ಹಡಗುಮನೆಗಳು

ಕಳೆದ ದೀಪಾವಳಿ ರಜೆಗೆ ಡೊಂಬಿವಲಿಯ ಮಗಳ ಮನೆಗೆ ಹೋಗಿದ್ದೆ. ಆರನೆಯ ತರಗತಿಯ ಮೊಮ್ಮಗಳು, "ಅಜ್ಜ, ನೀವು ಮುಂಬೈಗೆ ಬಂದ ಹೊಸತರಲ್ಲಿ ಕೆಲಸ ಮಾಡಿದ ಜಾಗ ತೋರಿಸಿ" ಎಂದು ಹಟ ಹಿಡಿದಳು. ಭಾನುವಾರದ ಮೆಗಾಬ್ಲಾಕ್ ಶುರುವಾಗುವ ಮೊದಲೇ ಲೋಕಲ್ ಹತ್ತಿ ವಿ.ಟಿ.ಯಲ್ಲಿ ಇಳಿದೆವು. ಅವಳ ಬಾಯಲ್ಲಿ ಅದು ಸಿ.ಎಸ್.ಎಂ.ಟಿ. ಅಲ್ಲಿಂದ ನಡೆದೇ ಓವಲ್ ಮೈದಾನ ತಲುಪಿದೆವು.

ಮೈದಾನದ ನಡುವೆ ನಿಂತು ಪೂರ್ವಕ್ಕೆ ತಿರುಗಿದರೆ ಹೈಕೋರ್ಟು, ರಾಜಾಬಾಯಿ ಗಡಿಯಾರ ಗೋಪುರ. ಎರಡೂ 1878ರಲ್ಲಿ ಮುಗಿದ ಕಲ್ಲಿನ ಕಟ್ಟಡಗಳು. ಪಶ್ಚಿಮಕ್ಕೆ ತಿರುಗಿದರೆ ಬೇರೆಯೇ ಕಾಲ. ತಿಳಿ ಬಣ್ಣದ, ದುಂಡು ಮೂಲೆಗಳ, ಹೆಚ್ಚುಕಡಿಮೆ ಒಂದೇ ಎತ್ತರದ ವಸತಿ ಕಟ್ಟಡಗಳ ಸಾಲು. ಇವು 1930ರ ದಶಕದವು. ಇವೆರಡೂ ಸಾಲುಗಳನ್ನೂ ಮರೀನ್ ಡ್ರೈವ್‌ನ ಮನೆಗಳನ್ನೂ ಸೇರಿಸಿ ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

"ಪಶ್ಚಿಮದ ಈ ಮನೆಗಳ ನೆಲ ಸಮುದ್ರದ ಕಡೆಯಿಂದ ಪಡೆದದ್ದು" ಎಂದೆ. ಅವಳು ನಂಬಲಿಲ್ಲ. ಬ್ಯಾಕ್ ಬೇ ಎಂಬ ಕೊಲ್ಲಿಗೆ ಮಣ್ಣು ತುಂಬಿಸುವ ದೊಡ್ಡ ಕೆಲಸ 1920ರ ದಶಕದಲ್ಲಿ ನಡೆಯಿತು. ಹಾಗೆ ಸಿಕ್ಕಿದ ನೆಲವನ್ನು ನಿವೇಶನ ಮಾಡಿ ಕೊಟ್ಟರು. ಅದುವರೆಗೆ ಸಿರಿವಂತರಿಗೆ ಬಂಗಲೆ, ದುಡಿಯುವವರಿಗೆ ಚಾಳು. ಚಾಳಿನಲ್ಲಿ ಒಂದೋ ಎರಡೋ ಕೋಣೆ, ಎದುರಿಗೆ ಎಲ್ಲರ ಜಗಲಿ, ತುದಿಯಲ್ಲಿ ಎಲ್ಲರಿಗೂ ಸೇರಿ ಕಕ್ಕಸು. ವಕೀಲರು, ವೈದ್ಯರು, ವ್ಯಾಪಾರಿಗಳಿಗೆ ಹೊಸದಾಗಿ ಬಂದದ್ದು ಫ್ಲ್ಯಾಟು. ಒಂದೇ ಬಾಗಿಲ ಒಳಗೆ ಹಾಲ್, ಮಲಗುವ ಕೋಣೆ, ಅಡುಗೆಮನೆ, ಬಚ್ಚಲು, ಕಕ್ಕಸು ಎಲ್ಲವೂ! ಮನೆಯೊಳಗೇ ಕಕ್ಕಸು ಎಂದರೆ ಮೂಗು ಮುರಿದ ಹಿರಿಯರು ಎಷ್ಟು ಮಂದಿಯೋ.

ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಬಂದದ್ದರಿಂದ ಬಾಲ್ಕನಿಗಳನ್ನು ತೆಳ್ಳಗೆ ಹೊರಚಾಚಬಹುದಾಯಿತು, ಗೋಡೆ ಬಾಗಿಸಬಹುದಾಯಿತು. ಕಿಟಕಿಗಳ ಮೇಲೆ ಹುಬ್ಬಿನಂಥ ಚಜ್ಜಗಳು ಬಿಸಿಲನ್ನೂ ಮಳೆಯನ್ನೂ ತಡೆಯುತ್ತವೆ. ಹಡಗಿನ ಅಟ್ಟದಂಥ ಕಂಬಿಗಳು, ದುಂಡು ಕಿಟಕಿಗಳು, ಗೇಟಿನಲ್ಲಿ ಉದಯಸೂರ್ಯ, ಅಲೆ. ಆಗಿನ ಕಾಲಕ್ಕೆ ಹಡಗೆಂದರೆ ಹೊಸತನ. ಈ ಶೈಲಿಗೆ ಆರ್ಟ್ ಡೆಕೊ ಎಂದು ಹೆಸರು. ಕಟ್ಟಿದವರಲ್ಲಿ ನಮ್ಮವರೇ ಬಹಳ. ಮರೀನ್ ಡ್ರೈವ್‌ನ ಮೂಲೆಯಲ್ಲಿರುವ ಸೂನಾ ಮಹಲ್ ಜಿ. ಬಿ. ಮ್ಹಾತ್ರೆಯವರದು, 1937ರದು. ಚರ್ಚ್‌ಗೇಟ್ ಎದುರಿನ ಇರೋಸ್ ಚಿತ್ರಮಂದಿರ ಶುರುವಾದದ್ದು 1938ರಲ್ಲಿ.

ಆಮೇಲೆ 1947ರ ಬಾಡಿಗೆ ಕಾಯ್ದೆ ಬಂತು. 1940ರ ಬಾಡಿಗೆಯೇ ಲೆಕ್ಕ. ಬಾಡಿಗೆದಾರರು ಬದುಕಿಕೊಂಡರು, ಮಾಲೀಕರು ರಿಪೇರಿಯ ಮಾತೆತ್ತಲಿಲ್ಲ. ಹಳೆಯ ಕಟ್ಟಡಗಳ ಸಿಮೆಂಟು ಉದುರಿ ಸರಳು ಕಾಣುವುದಕ್ಕೆ ಉಪ್ಪುಗಾಳಿಯ ಜೊತೆ ಇದೂ ಒಂದು ಕಾರಣ. ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಎರಡೂ ಪಕ್ಷ ಸರಿಯೆನಿಸುತ್ತದೆ.

ಬ್ಯಾಂಕು ಸೇರುವ ಮೊದಲು ನಾನು ಇಲ್ಲೇ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮಾಣಿ. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ಆಮೇಲೆ ಮೇಜು ಸರಿಸಿ ಅಲ್ಲೇ ಮಲಗುವುದು. ಒಂದು ದಿನ ಈ ಸಾಲಿನ ಕಟ್ಟಡವೊಂದರ ಮೂರನೆಯ ಮಹಡಿಗೆ ಕಾಫಿ ಒಯ್ಯಬೇಕಿತ್ತು. ಲಿಫ್ಟಿನ ಜಾಲರಿ ಬಾಗಿಲಿಗೆ ಕೈ ಹಾಕಿದ್ದೆನಷ್ಟೆ, ಕಾವಲುಗಾರ ಹಿಂದಿನಿಂದ ಅಂಗಿ ಹಿಡಿದೆಳೆದ. ಹಿಂಬದಿಯಲ್ಲಿ ಜಾಡಮಾಲಿಗಳಿಗೂ ಆಳುಗಳಿಗೂ ಇದ್ದ ಸುರುಳಿ ಮೆಟ್ಟಿಲು ತೋರಿಸಿದ. ಅರ್ಧ ಕಾಫಿ ಮೆಟ್ಟಿಲ ಮೇಲೇ ಚೆಲ್ಲಿತು. ದುಡ್ಡು ಸಂಬಳದಲ್ಲಿ ಹಿಡಿದರು.

"ನೀವು ಯಾಕೆ ಸುಮ್ಮನಿದ್ದಿರಿ ಅಜ್ಜ?" ಮೊಮ್ಮಗಳಿಗೆ ಸಿಟ್ಟು ಬಂದಿತ್ತು.

"ಕಾಫಿ ಆರುತ್ತಿತ್ತಲ್ಲ ಮಗಾ."

ಅದೇ ಕಟ್ಟಡದ ಗೇಟಿಗೆ ಹೋದೆವು. ಈಗಿನ ಕಾವಲುಗಾರ ಹುಡುಗ. ವಿಷಯ ಹೇಳಿದ ಮೇಲೆ ಕೆಳಗಿನ ಪಡಸಾಲೆಯವರೆಗೆ ಬಿಟ್ಟ. ನೆಲ ಹಾಗೆಯೇ ಹೊಳೆಯುತ್ತಿತ್ತು. ಲಿಫ್ಟಿನಲ್ಲಿ ಮೇಲೆ ಹೋಗಬಹುದೇ ಎಂದು ಅವಳೇ ಕೇಳಿದಳು. ಇಲ್ಲಿರುವವರಿಗೆ ಮಾತ್ರ ಎಂದ.

"ಹಾಗಾದರೆ ಹಿಂದಿನ ಮೆಟ್ಟಿಲು?"

"ಅದಕ್ಕೆ ಬೀಗ ಹಾಕಿ ವರ್ಷಗಳಾದವು."

ಆದರೂ ಹಿಂದಿನ ಓಣಿಗೆ ಸುತ್ತಿ ಬಂದೆವು. ತುಕ್ಕು ಹಿಡಿದ ಸುರುಳಿ ಮೆಟ್ಟಿಲ ಪಕ್ಕ ಏಸಿ ಯಂತ್ರಗಳು ನೇತಾಡುತ್ತಿದ್ದವು. ಮೊಮ್ಮಗಳು ಕತ್ತು ಎತ್ತಿ ಮೂರನೆಯ ಮಹಡಿಯವರೆಗೆ ಮೆಟ್ಟಿಲು ಎಣಿಸಿದಳು, ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು.