ಒಳಗಿನ ಹಾಳಿ ಕೊಡ್ರಿ

ನಮ್ಮೂರ ಚಹಾದಂಗಡಿಗೆ ಬರುತ್ತಿದ್ದದ್ದು ಒಂದೇ ಒಂದು ‘ಸಂಯುಕ್ತ ಕರ್ನಾಟಕ’. ಓದುವವರು ಮಾತ್ರ ಇಪ್ಪತ್ತು ಮಂದಿ. ಮುಂಜಾನೆಯ ಬಸ್ಸು ನಿಲ್ಲುವ ಮೊದಲೇ ಕಂಡಕ್ಟರ್ ಬಾಗಿಲಿನಿಂದ ಸುರುಳಿ ಒಗೆಯುತ್ತಿದ್ದ. ಸುತಳಿ ಬಿಚ್ಚುವ ಹಕ್ಕು ಅಂಗಡಿಯವನದು. ಅಲ್ಲಿಂದ ಮುಂದೆ ಹಾಳೆ ಒಂದೊಂದು ದಿಕ್ಕಿಗೆ. ಪೇಟೆ ಧಾರಣೆಯ ಪುಟ ಶೇಂಗಾ ಬೆಳೆದವರ ಕೈಗೆ, ಮುಖಪುಟ ನಿವೃತ್ತ ಮಾಸ್ತರರ ಕೈಗೆ. ಉಳಿದವರು ಚಹಾ ಆರಿಸಿಕೊಳ್ಳುತ್ತ ಕಾಯುವವರು. “ಮುಗೀತೇನ್ರಿ? ಒಳಗಿನ ಹಾಳಿ ಕೊಡ್ರಿ.”

ಒಬ್ಬ ಮುದುಕರಿದ್ದರು. ದಿನಾಲೂ ನನ್ನನ್ನು ಕರೆದು, “ಚಾಳೀಸು ಮನ್ಯಾಗ ಮರತ ಬಂದೀನಿ, ನೀನ ಓದೋ ತಮ್ಮಾ” ಅನ್ನುತ್ತಿದ್ದರು. ಅವರ ಬಳಿ ಚಾಳೀಸೂ ಇರಲಿಲ್ಲ, ಅಕ್ಷರವೂ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಆದರೆ ಸಂಪಾದಕೀಯದ ಒಂದು ಸಾಲು ಹಾರಿಸಿದರೂ ಹಿಡಿಯುತ್ತಿದ್ದರು. “ನಡುವ ಏನೋ ಬಿಟ್ಟಿ ನೋಡು.”

ದೂರದೂರಿಗೆ ಬರುವ ಸಂಚಿಕೆ ರಾತ್ರಿ ಬೇಗ ಅಚ್ಚಾದದ್ದು. ಹಾಗಾಗಿ ತಡರಾತ್ರಿಯ ಸುದ್ದಿ ಅದರಲ್ಲಿ ಇರುತ್ತಿರಲಿಲ್ಲ. ಚುನಾವಣೆಯಲ್ಲಿ ನಮ್ಮ ಕ್ಷೇತ್ರದ ಎಣಿಕೆ ‘ಮುಂದುವರಿದಿದೆ’ ಎಂದೇ ಇರುತ್ತಿತ್ತು. ಗೆದ್ದವರು ಯಾರೆಂದು ತಿಳಿಯಲು ಇಡೀ ಊರು ಮತ್ತೊಂದು ದಿನ ಕಾಯುತ್ತಿತ್ತು, ಕಾದಷ್ಟು ಹೊತ್ತು ವಾದಿಸುತ್ತಿತ್ತು. ಆ ವಾದದ ರುಚಿ ಫಲಿತಾಂಶಕ್ಕಿರಲಿಲ್ಲ.

ಪತ್ರಿಕೆಯ ಹೆಸರು ನಮಗೆ ಬರೀ ಹೆಸರಾಗಿತ್ತು. ಅದೊಂದು ಬೇಡಿಕೆ ಎಂದು ತಿಳಿಹೇಳಿದವರು ಮಾಸ್ತರರು. ರಂಗನಾಥ ದಿವಾಕರರು 1921ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’ ವಾರಪತ್ರಿಕೆ ಶುರುಮಾಡಿದ್ದರು. ಅದೇ ಬಳಗದ ‘ಸಂಯುಕ್ತ ಕರ್ನಾಟಕ’ ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಬಂದು ನೆಲೆಯೂರಿತು. ಆಗ ಕನ್ನಡ ನಾಡು ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಭೂಪಟದಲ್ಲಿ ಇಲ್ಲದ ನಾಡನ್ನು ದಿನಬೆಳಗಾದರೆ ತಲೆಬರಹದಲ್ಲಿ ಅಚ್ಚುಹಾಕುವುದೆಂದರೆ ಸಣ್ಣ ಧೈರ್ಯವಲ್ಲ. ಮೊಹರೆ ಹನುಮಂತರಾಯರು ವರ್ಷಗಟ್ಟಲೆ ಸಂಪಾದಕರಾಗಿ ಆ ಹೆಸರನ್ನು ಕಾದರು. 1953ರಲ್ಲಿ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರು ಉಪವಾಸ ಕೂತದ್ದು ಹುಬ್ಬಳ್ಳಿಯ ಮಗ್ಗುಲಲ್ಲೇ. 1956ರ ನವೆಂಬರ್ 1ರಂದು ನಾಡು ಒಂದಾಯಿತು. ‘ಕಸ್ತೂರಿ’ ಮಾಸಿಕ ಅದೇ ಮನೆಯಿಂದ ಹೊರಬಂದದ್ದೂ ಅದೇ ವರ್ಷ.

ಈಗಲೂ ಪತ್ರಿಕೆ ಬರುತ್ತದೆ. ಅಚ್ಚು ಚೆಂದ, ಬಣ್ಣವೂ ಇದೆ. ಅಚ್ಚುಮೊಳೆ ಜೋಡಿಸುವ ಕಾಲ ಹೋದದ್ದಕ್ಕೆ ನನಗೆ ಅಂಥ ದುಃಖವಿಲ್ಲ. ಸೀಸದ ಮಸಿಯಲ್ಲಿ ನಿಂತೇ ಒತ್ತಕ್ಷರ ಹುಡುಕಿ ಕಣ್ಣು ಕಳೆದುಕೊಂಡವರನ್ನು ಬಲ್ಲೆ, ಅವರೂ ಆ ಕೆಲಸ ಮತ್ತೆ ಬೇಡುವುದಿಲ್ಲ. ನನಗೆ ಕಳೆದುಹೋದದ್ದು ಹಾಳೆ ಕೈ ಬದಲಾಗುವ ಸದ್ದು. ಹೋದ ಸಲ ಊರಿಗೆ ಹೋದಾಗ ಅಂಗಡಿಯ ಬಾಕಿನ ಮೇಲೆ ಆರು ಮಂದಿ ಕೂತಿದ್ದರು. ಆರು ಮಂದಿಯ ಕೈಯಲ್ಲೂ ಆರು ಫೋನು. ಒಬ್ಬನಿಗೆ ಸಿಕ್ಕ ಸುದ್ದಿ ಪಕ್ಕದವನಿಗೆ ಬಂದಿರಲಿಲ್ಲ. ಪತ್ರಿಕೆ ಗಲ್ಲೆಯ ಮೇಲಿತ್ತು, ಮಧ್ಯಾಹ್ನವಾದರೂ ಮಡಿಕೆ ಬಿಚ್ಚಿರಲಿಲ್ಲ. ನಾನೇ ತೆಗೆದು ಪೂರ್ತಿ ಓದಿದೆ. ಯಾರೂ ಒಳಗಿನ ಹಾಳಿ ಕೇಳಲಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೆ ಏಕೀಕರಣದ ಹಿಂದುಮುಂದಿನ ಸಂಚಿಕೆಗಳ ಕಟ್ಟು ಇದ್ದರೆ, ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲೋ ಹತ್ತಿರದ ಗ್ರಂಥಾಲಯದಲ್ಲೋ ಒಂದು ಮಾತು ಕೇಳಿ ನೋಡಿ. ಗೆದ್ದಲು ತಿಂದಿದ್ದರೂ ಚಿಂತೆಯಿಲ್ಲ, ಒಳಗಿನ ಹಾಳೆ ಉಳಿದಿರುತ್ತದೆ.