ಹೆಬ್ಬೆಟ್ಟು ತಗೊಳ್ತಿಲ್ಲ

2025ರ ಆಗಸ್ಟ್. ಅರಕಲಗೂಡು ತಾಲ್ಲೂಕು, ರಾಮನಾಥಪುರದ ಹತ್ತಿರದ ಹಳ್ಳಿ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಕೊನೆಗೂ ನಿಮ್ಮ ಸರದಿ ಬಂದಿದೆ. ಜಿಟಿಜಿಟಿ ಮಳೆ. ನೆಂದ ಚೀಲಗಳ ಮುಗ್ಗು ವಾಸನೆಯನ್ನೂ ಮೀರಿ ನಿಮ್ಮದೇ ಕೈಯಿಂದ ಹೊಗೆಸೊಪ್ಪಿನ ಘಾಟು ಏಳುತ್ತಿದೆ. ಸೊಪ್ಪು ಮುರಿಯಲು ಶುರುವಾದಾಗಿನಿಂದ ಬೆರಳಿಗೆ ಕರೀ ಅಂಟು ಮೆತ್ತಿಕೊಂಡಿದೆ. ಸೋಪಿಗೆ ಜಗ್ಗಲಿಲ್ಲವೆಂದು ಬೆಳಿಗ್ಗೆ ಬೂದಿ ಹಾಕಿ ಉಜ್ಜಿದಿರಿ. ಈಗ ಚರ್ಮ ಚುರುಚುರು ಉರಿಯುತ್ತಿದೆ.

"ಥಂಬ್ ಕೊಡಕ್ಕ."

ಒತ್ತುತ್ತೀರಿ. ಯಂತ್ರ ಒಪ್ಪುವುದಿಲ್ಲ.

"ಸೆರಗಿಗೆ ಒರೆಸ್ಕೊಂಡು ಒತ್ತಕ್ಕ."

ತೋರುಬೆರಳು, ಎಡಗೈ, ಮತ್ತೆ ಹೆಬ್ಬೆಟ್ಟು. ಹಿಂದಿನವರ ಗೊಣಗಾಟ ಕಿವಿಗೆ ಬೀಳುತ್ತಿದೆ. ಕಾರ್ಡಿನಲ್ಲಿ ನಾಲ್ಕು ತಲೆ. ತಲೆಗೆ 10 ಕೆ.ಜಿ.ಯಂತೆ 40 ಕೆ.ಜಿ. ಕಣ್ಣೆದುರೇ ಇದೆ. ಮೊದಲಾದರೆ ಅದರಲ್ಲಿ ತಲೆಗೆ 5 ಕೆ.ಜಿ. ಬದಲು 170 ರೂಪಾಯಿ ಖಾತೆಗೆ ಬೀಳುತ್ತಿತ್ತು. ಫೆಬ್ರುವರಿಯಿಂದ ಅದೂ ಧಾನ್ಯವೇ, ಅದೂ ಈ ಯಂತ್ರದ ಆಚೆಗೇ.

ಬೆರಳ ಗೆರೆ ಸವೆಯುವ ಕೆಲಸ ಮಾಡುವವರಿಗೇ ಈ ಕಾರ್ಡು. ಗೆರೆ ನೋಡಿ ಅಕ್ಕಿ ಅಳೆಯಿರಿ ಎಂದವರು ಯಾರ ಕೈ ನೋಡಿದ್ದರೋ! ಬೆರಳಚ್ಚು ಹೊಂದಲಿಲ್ಲವೆಂದು ಸೌಲಭ್ಯ ತಪ್ಪಬಾರದು ಎಂಬ ಮಾತು 2018ರ ಆಧಾರ್ ತೀರ್ಪಿನಲ್ಲಿದೆ. ಅಂಗಡಿಯವನಿಗೆ ತೀರ್ಪು ಗೊತ್ತಿದ್ದರೂ ಏನು? ಯಂತ್ರ ಹೂಂ ಅನ್ನದೆ ತೂಕ ಹಾಕಿದರೆ ಲೆಕ್ಕ ಅವನ ತಲೆಗೇ.

"ಕಾರ್ಡಲ್ಲಿರೋರು ಬೇರೆ ಯಾರಾದ್ರೂ ಬರ್ಲಿ."

ಯಾರು? ಗಂಡ ಸಕಲೇಶಪುರದ ಕಾಫಿ ತೋಟದಲ್ಲಿ. ಅತ್ತೆಯ ಬೆರಳು ನಿಮ್ಮದಕ್ಕಿಂತ ನುಣುಪು. ಉಳಿದವಳು ಮಗಳು. ಇಂದು ಅವಳಿಗೆ ಗಣಿತದ ಪರೀಕ್ಷೆ. ನಾಳೆ ಬರೋಣವೆಂದರೆ ನಾಳೆಯ ಕೂಲಿ ಹೋಗುತ್ತದೆ, ಸರ್ವರ್ ಇರುತ್ತದೆಂಬ ಖಾತರಿಯೂ ಇಲ್ಲ. ಹೊಟ್ಟೆಯೊಳಗೆ ಏನೋ ಗಂಟು ಬಿಗಿಯುತ್ತದೆ.

"ಇನ್ನರ್ಧ ಗಂಟೆ ಇರ್ತೀನಿ ಅಷ್ಟೇ."

ಓಡುತ್ತೀರಿ. ಕೆಸರು. ಜಾರುವ ಚಪ್ಪಲಿ. ಅದನ್ನು ಕೈಗೆತ್ತಿಕೊಂಡು ಮತ್ತೆ ಓಟ. ಶಾಲೆಯ ಬಾಗಿಲು. ಮೇಷ್ಟ್ರ ಮುಖ. ಮಗಳು ತಲೆಯೆತ್ತುತ್ತಾಳೆ, ಪೆನ್ನು ನಿಲ್ಲುತ್ತದೆ. ಏನೂ ಕೇಳುವುದಿಲ್ಲ ಅವಳು, ಕೇಳಿದ್ದರೆ ವಾಸಿಯಿತ್ತು.

ಅಂಗಡಿಯಲ್ಲಿ ಅವಳ ಹೆಬ್ಬೆಟ್ಟು ಒಂದೇ ಸಲಕ್ಕೆ ಆಗುತ್ತದೆ. ಬಿಲ್ಲು ಹೊರಬರುತ್ತದೆ. ಚೀಲದ ಬಾಯಿ ಹಿಡಿದ ನಿಮ್ಮ ಕೈ ಇನ್ನೂ ನಡುಗುತ್ತಿದೆ.

"ಎಷ್ಟು ಲೆಕ್ಕ ಮಾಡಿದ್ದೆ?" ಮೆಲ್ಲಗೆ ಕೇಳುತ್ತೀರಿ.

"ನಾಕು, ಅವ್ವ."

ಅಂಗಡಿಯವನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ: "ಮುಂದಿನ ತಿಂಗ್ಳಿಂದ ಮಗೀನೇ ಕಳ್ಸಕ್ಕ. ನೀನು ಬರೋದೇ ಬೇಡ."