ಹರಿಯದೆ ಉಳಿದ ಪುಸ್ತಕಗಳು

ಮಕ್ಕಳ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ವಿಮರ್ಶಕರ ಮನೆ ಬಾಗಿಲು ತಟ್ಟಬೇಕಾಗಿಲ್ಲ. ಬೆನ್ನು ಕಿತ್ತು ಬಂದಿದೆಯೇ, ಮೊದಲ ನಾಲ್ಕು ಹಾಳೆ ಮಾಯವಾಗಿವೆಯೇ, ಚಿತ್ರದ ರಾಜಕುಮಾರಿಗೆ ಯಾರಾದರೂ ಮೀಸೆ ಬರೆದಿದ್ದಾರೆಯೇ ಎಂದು ನೋಡಿದರೆ ಸಾಕು. ನಮ್ಮ ಮನೆಯ ಕಪಾಟಿನಲ್ಲಿ ಇವತ್ತಿಗೂ ಮಿರಿಮಿರಿ ಮಿಂಚುವ ಪುಸ್ತಕ ಒಂದೇ ಒಂದು. ಶಾಲೆಯಲ್ಲಿ ಬಹುಮಾನ ಬಂದದ್ದು, ವಿಷಯ, ಸಚ್ಚಾರಿತ್ರ್ಯ. ಅದರ ಜೊತೆಗಾರರಾಗಿದ್ದ ಚಂದಮಾಮಗಳ ಪೈಕಿ ಒಂದರ ರಟ್ಟೂ ಉಳಿದಿಲ್ಲ.

ಈ ಲೆಕ್ಕಕ್ಕೆ, ಹಳೆಯ ಮಕ್ಕಳ ಪುಸ್ತಕಗಳನ್ನು ಜೋಪಾನ ಮಾಡಿಟ್ಟ ಜಾಗವೆಂದರೆ ಮಕ್ಕಳಿಗೆ ಬೇಡವಾದ ಪುಸ್ತಕಗಳ ಜಾಗ ಎಂದೇ ಆಗಬೇಕಲ್ಲ? ಕೆನಡಾದ ಟೊರಾಂಟೊ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿರುವ ಆಸ್ಬೋರ್ನ್ ಸಂಗ್ರಹದ ಬಗ್ಗೆ ಓದಿದಾಗ ನನಗೆ ಮೊದಲು ಹುಟ್ಟಿದ ಅನುಮಾನ ಇದು. ಅಲ್ಲಿ 80,000ಕ್ಕೂ ಹೆಚ್ಚು ಪುಸ್ತಕ, ಹಸ್ತಪ್ರತಿ, ಚಿತ್ರಗಳಿವೆಯಂತೆ. ಎಲ್ಲಕ್ಕಿಂತ ಹಳೆಯದು 14ನೆಯ ಶತಮಾನದ ಈಸೋಪನ ಕಥೆಗಳ ಹಸ್ತಪ್ರತಿ. ಅಷ್ಟಕ್ಕೇ ಅವರು ಬೀಗುವುದು ಬೇಡ, ನಮ್ಮ ದುರ್ಗಸಿಂಹ 11ನೆಯ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ ಎಂದು ಹೇಳೋಣವೆಂದರೆ, ಆ ಪುಣ್ಯಾತ್ಮ ಅದನ್ನು ಚಂಪುವಿನಲ್ಲಿ ಬರೆದುಬಿಟ್ಟಿದ್ದಾನೆ. ಮಕ್ಕಳ ಮಾತು ಹಾಗಿರಲಿ, ಕನ್ನಡ ಎಂ.ಎ. ಮಾಡಿದವರೂ ನಿಘಂಟು ಹುಡುಕಬೇಕು.

ಸಂಗ್ರಹಕ್ಕೆ ಹೆಸರು ಕೊಟ್ಟ ಎಡ್ಗರ್ ಆಸ್ಬೋರ್ನ್ ಕೆನಡಾದವನಲ್ಲ. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಗ್ರಂಥಪಾಲಕ. ಗಂಡ ಹೆಂಡತಿ ಇಬ್ಬರಿಗೂ ಹಳೆಯ ಮಕ್ಕಳ ಪುಸ್ತಕಗಳ ಹುಚ್ಚು. (ಒಬ್ಬರಿಗೇ ಇದ್ದಿದ್ದರೆ ಆ ಪುಸ್ತಕಗಳ ಗತಿ ಏನಾಗುತ್ತಿತ್ತು ಎಂಬುದನ್ನು ಗೃಹಸ್ಥರಿಗೆ ವಿವರಿಸಬೇಕಾಗಿಲ್ಲ.) 1934ರಲ್ಲಿ ಆತ ಟೊರಾಂಟೊಗೆ ಬಂದಾಗ ಅಲ್ಲಿ ಮಕ್ಕಳಿಗೆಂದೇ ಪ್ರತ್ಯೇಕವಾಗಿ ನಡೆಯುತ್ತಿದ್ದ ಗ್ರಂಥಾಲಯವನ್ನು ಕಂಡು ಮಾರುಹೋದ. ಅದನ್ನು ಕಟ್ಟಿದವಳು ಲಿಲಿಯನ್ ಸ್ಮಿತ್. ಮಕ್ಕಳ ಗ್ರಂಥಪಾಲನೆಯಲ್ಲೇ ತರಬೇತಿ ಪಡೆದು 1912ರಲ್ಲಿ ಕೆಲಸಕ್ಕೆ ಸೇರಿದ್ದ ಹೆಂಗಸು. 1922ರ ಹೊತ್ತಿಗೆ ಮಕ್ಕಳಿಗೊಂದು ಬೇರೆ ಮನೆಯನ್ನೇ ಮಾಡಿಸಿದ್ದಳು. ದೊಡ್ಡವರ ಗ್ರಂಥಾಲಯದ ವರ್ಗೀಕರಣ ಮಕ್ಕಳಿಗೆ ಒಗ್ಗುವುದಿಲ್ಲವೆಂದು ತನ್ನದೇ ಒಂದು ಪದ್ಧತಿಯನ್ನೂ ಹೂಡಿದಳು. ಆಕೆ ಸ್ವಲ್ಪ ಕಟ್ಟುನಿಟ್ಟು ಕೂಡ: ಮಕ್ಕಳು ಮುಗಿಬಿದ್ದು ಓದುವ ಅಗ್ಗದ ಪತ್ತೇದಾರಿ ಸರಣಿಗಳೆಂದರೆ ಅವಳಿಗೆ ಆಗುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ನಾನು ಮಕ್ಕಳ ಕಡೆ.

1946ರಲ್ಲಿ ಆಸ್ಬೋರ್ನನ ಹೆಂಡತಿ ಮೇಬಲ್ ತೀರಿಕೊಂಡಳು. 1949ರಲ್ಲಿ ಆತ ಸುಮಾರು 2,000 ಪುಸ್ತಕಗಳನ್ನು ಸಮುದ್ರ ದಾಟಿಸಿ ಟೊರಾಂಟೊಗೆ ಕೊಟ್ಟುಬಿಟ್ಟ. ಸ್ವಂತ ಊರಲ್ಲಿ ಗ್ರಂಥಾಲಯಗಳಿರಲಿಲ್ಲವೇ? ಬೇಕಾದಷ್ಟಿದ್ದವು. ಆದರೆ ಮಗಳನ್ನು ಕೊಡುವಾಗ ಬಂಗಲೆ ನೋಡುವವರೂ ಇರುತ್ತಾರೆ, ಅತ್ತೆಯನ್ನು ನೋಡುವವರೂ ಇರುತ್ತಾರೆ. ಈತ ಎರಡನೆಯ ಜಾತಿ. ನಮ್ಮಲ್ಲಿ ಚಂದಮಾಮ ಕನ್ನಡಕ್ಕೆ ಬಂದದ್ದೂ 1949ರಲ್ಲೇ. ಎರಡಕ್ಕೂ ಏನೂ ಸಂಬಂಧವಿಲ್ಲ, ನೆನಪಾಯಿತು, ಹೇಳಿದೆ.

ಮಕ್ಕಳ ಪುಸ್ತಕದ ಚರಿತ್ರೆಯಲ್ಲಿ ಹಿಂದೆ ಹಿಂದೆ ಹೋದಷ್ಟೂ ನನ್ನ ಅನುಮಾನ ಬಲವಾಗುತ್ತದೆ. 1670ರ ದಶಕದಲ್ಲಿ ಜೇಮ್ಸ್ ಜೇನ್‌ವೇ ಎಂಬ ಪಾದ್ರಿ ಮಕ್ಕಳಿಗಾಗಿ ಒಂದು ಪುಸ್ತಕ ಬರೆದ. ಅದರಲ್ಲಿ ಇರುವುದೇನು? ಭಕ್ತಿವಂತ ಮಕ್ಕಳು ಎಷ್ಟು ಸೊಗಸಾಗಿ ಸತ್ತರು ಎಂಬ ವರದಿಗಳು. ಇಂಥದ್ದನ್ನು ಯಾವ ಮಗು ತಾನೇ ಹರಿಯುವಷ್ಟು ಓದೀತು! ಅದಕ್ಕಿಂತ ಅಕ್ಷರ ಕಲಿಯುವ ಹಲಗೆ ವಾಸಿ. ಹಿಡಿಯಿರುವ ಪುಟ್ಟ ಮರದ ಹಲಗೆಗೆ ಅಕ್ಷರಮಾಲೆಯ ಹಾಳೆ ಅಂಟಿಸಿ, ಮೇಲೆ ಪಾರದರ್ಶಕವಾಗಿ ಹೆರೆದ ಕೊಂಬಿನ ಪದರ ಹೊದಿಸುತ್ತಿದ್ದರು. ಮಕ್ಕಳ ಕೈಯ ಬೆವರಿಗೂ ಕಣ್ಣೀರಿಗೂ ಅದು ಜಗ್ಗದು. ಹಿಡಿಯಿದ್ದ ಮೇಲೆ ಕೇಳಬೇಕೆ, ಚೆಂಡು ಹೊಡೆಯುವುದಕ್ಕೂ ಆಯಿತು.

ಈ ಗುಟ್ಟು ಹಿಡಿದವನು ಲಂಡನ್ನಿನ ವ್ಯಾಪಾರಿ ಜಾನ್ ನ್ಯೂಬೆರಿ. 1744ರಲ್ಲಿ ಆತ ಹೊರತಂದ ಕಿರುಪುಸ್ತಕದ ಬೆಲೆ ಆರು ಪೆನ್ಸ್. ಎರಡು ಪೆನ್ಸ್ ಹೆಚ್ಚಿಗೆ ಕೊಟ್ಟರೆ ಹುಡುಗನಿಗೆ ಚೆಂಡು, ಹುಡುಗಿಗೆ ಸೂಜಿ ಚುಚ್ಚುವ ಪುಟ್ಟ ಮೆತ್ತೆ. ಒಂದು ಮಗ್ಗುಲು ಕೆಂಪು, ಇನ್ನೊಂದು ಕಪ್ಪು. ಒಳ್ಳೆಯ ಕೆಲಸಕ್ಕೆ ಕೆಂಪು ಕಡೆ ಗುಂಡುಸೂಜಿ, ತಂಟೆಗೆ ಕಪ್ಪು ಕಡೆ. ಇವತ್ತು ಬಿಸ್ಕತ್ ಪೊಟ್ಟಣದ ಜೊತೆ ಆಟಿಕೆ ಕೊಡುವವರೆಲ್ಲ ಈತನ ಮರಿಮಕ್ಕಳೇ.

ಇನ್ನು ಆಲಿಸಳ ಕಥೆ ಕೇಳಿ. 1865ರಲ್ಲಿ ಲೂಯಿಸ್ ಕ್ಯಾರಲ್‌ನ ಪುಸ್ತಕದ 2,000 ಪ್ರತಿ ಅಚ್ಚಾಯಿತು. ಚಿತ್ರಕಾರ ಟೆನಿಯಲ್ ನೋಡಿ, ಮುದ್ರಣ ಸರಿಯಿಲ್ಲ ಎಂದು ಮುಖ ಸಿಂಡರಿಸಿದ. ಕ್ಯಾರಲ್ ಆಗಲೇ ಸ್ನೇಹಿತರಿಗೆ ಹಂಚಿದ್ದ ಪ್ರತಿಗಳನ್ನೂ ವಾಪಸು ಬೇಡಿ ಪಡೆದ. ರಟ್ಟು ಕಟ್ಟದ ಹಾಳೆಗಳು ಅಮೆರಿಕದ ಪ್ರಕಾಶಕರಿಗೆ ಮಾರಾಟವಾದವು. ವಾಪಸು ಬಂದ ಪ್ರತಿಗಳು ಹೋದದ್ದು ಆಸ್ಪತ್ರೆಗಳಿಗೆ, ಅಲ್ಲಿನ ಮಕ್ಕಳ ಕೈಗೆ. ಆ ಮೊದಲ ಅಚ್ಚಿನ ಪ್ರತಿಗಳು ಇಂದು ಜಗತ್ತಿನಲ್ಲಿ ಇಪ್ಪತ್ತು ಚಿಲ್ಲರೆ ಮಾತ್ರ; ಒಂದೊಂದಕ್ಕೂ ಕೋಟಿಗಳ ಮಾತು. ಜ್ವರದ ಮಂಚದಲ್ಲಿ ಮಲಗಿ ಆ ಹಾಳೆಗಳನ್ನು ಹರಿದ ಮಕ್ಕಳಿಗೆ ನನ್ನ ಪೂರ್ಣ ಬೆಂಬಲವಿದೆ. ಇಲ್ಲದಿದ್ದರೆ ಕೋಟ್ಯಧೀಶರಿಗೆ ಹರಾಜಿನಲ್ಲಿ ಹೋರಾಡಲು ಏನಿರುತ್ತಿತ್ತು?

ಟೊರಾಂಟೊದವರ ವಿಷಯದಲ್ಲಿ ನಾನು ಮೆಚ್ಚುವುದು, ಅವರು ಈ ಸಂಪತ್ತನ್ನು ಪಂಡಿತರಿಗೆ ಮೀಸಲಿಟ್ಟಿಲ್ಲ. ಕಾಲೇಜ್ ಬೀದಿಯಲ್ಲಿ 1995ರಲ್ಲಿ ತೆರೆದ ಕಟ್ಟಡಕ್ಕೆ ಲಿಲಿಯನ್ ಸ್ಮಿತ್‌ಳದೇ ಹೆಸರು. ಬಾಗಿಲ ಎರಡು ಕಡೆ ರೆಕ್ಕೆಯ ಸಿಂಹ, ಹದ್ದಿನ ತಲೆಯ ಸಿಂಹದ ಕಂಚಿನ ಪ್ರತಿಮೆಗಳು. ಗಂಡಭೇರುಂಡ ಕಂಡವರಿಗೆ ಹದ್ದಿಗೆ ಇನ್ನೊಂದು ತಲೆ ಇರಬೇಕಿತ್ತು ಅನ್ನಿಸಬಹುದು. ಒಳಗೆ ಮಕ್ಕಳು ಮನೆಗೆ ಒಯ್ಯುವ ಪುಸ್ತಕಗಳೂ ಇವೆ, ಒಯ್ಯಲಾಗದ ಆಸ್ಬೋರ್ನ್ ಪುಸ್ತಕಗಳೂ ಇವೆ. ಎರಡನೆಯದನ್ನು ಯಾರು ಬೇಕಾದರೂ ಕೇಳಿ, ಅಲ್ಲೇ ಕೂತು ಓದಬಹುದು, ಪುಕ್ಕಟೆ.

ನಮ್ಮ ಕಡೆ ಪಂಜೆ ಮಂಗೇಶರಾಯರು ಮಂಗಳೂರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳಲ್ಲಿ 'ಬಾಲಪ್ರಪಂಚ' ತಂದರು. ಅವುಗಳ ಮೊದಲ ಅಚ್ಚಿನ ಪ್ರತಿಗಳು ಯಾರ ಅಟ್ಟದಲ್ಲಿವೆಯೋ, ಯಾವ ಕಡಲೆಕಾಯಿಗೆ ಪೊಟ್ಟಣವಾದವೋ. ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ರದ್ದಿಯವನನ್ನು ಗೇಟಿನಲ್ಲೇ ನಿಲ್ಲಿಸಿ. ಅವನು ಕಿಲೋಗೆ ಎಷ್ಟು ಹೇಳುತ್ತಾನೋ ಅದಕ್ಕಿಂತ ಎರಡು ರೂಪಾಯಿ ಹೆಚ್ಚು ನಾನು ಕೊಡುತ್ತೇನೆ. ಚೆಂಡು, ಮೆತ್ತೆ ಇದ್ದರೆ ಅದಕ್ಕೆ ಬೇರೆ.